ಮಲ್ಟಿಪ್ಲೇಟ್ ಕ್ಲಚ್: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ವಾಹನಗಳಲ್ಲಿ

ಮಲ್ಟಿಪ್ಲೇಟ್ ಕ್ಲಚ್ ಎಂದರೆ ಒಂದರ ಮೇಲೊಂದು ಪೇರಿಸಿದ ಹಲವು ತೆಳು ಬಿಲ್ಲೆಗಳ ಹಿಡಿತದಿಂದ ಎಂಜಿನ್ನಿನ ತಿರುಗುಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಸಾಧನ. ಲಿವರ್ ಒತ್ತಿದರೆ ಬಿಲ್ಲೆಗಳು ಸಡಿಲವಾಗಿ ಎಂಜಿನ್ ಒಂದು ಕಡೆ, ಚಕ್ರ ಒಂದು ಕಡೆ ಆಗುತ್ತವೆ. ಬಿಟ್ಟರೆ ಬಿಗಿದುಕೊಂಡು ಎರಡೂ ಒಟ್ಟಿಗೆ ತಿರುಗುತ್ತವೆ. ಇವೆರಡರ ನಡುವೆ ಬಿಲ್ಲೆಗಳು ಸ್ವಲ್ಪ ಜಾರುತ್ತ ಸ್ವಲ್ಪ ಹಿಡಿಯುತ್ತ ಇರುವ ಒಂದು ಸ್ಥಿತಿಯಿದೆ. ಗ್ಯಾರೇಜಿನವರ ಬಾಯಲ್ಲಿ ಅದು ಹಾಫ್ ಕ್ಲಚ್. ನಿಂತ ಗಾಡಿ ಜರ್ಕ್ ಹೊಡೆಯದೆ ಹೊರಡುವುದು ಈ ನಡುವಿನ ಸ್ಥಿತಿಯಿಂದ, ಕ್ಲಚ್ ಸವೆದು ಹಾಳಾಗುವುದೂ ಇದೇ ಸ್ಥಿತಿಯಲ್ಲಿ.

ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಇಂಥ ಕ್ಲಚ್ ಇಲ್ಲದ ಮನೆ ಕಡಿಮೆ. ಅಂಗಳದ ಬೈಕಿನಲ್ಲಿ, ಸ್ಟ್ಯಾಂಡಿನಲ್ಲಿ ನಿಂತ ಆಟೋದಲ್ಲಿ, ಗದ್ದೆಯ ಪವರ್ ಟಿಲ್ಲರಿನಲ್ಲಿ, ಕಾಲುವೆ ಅಗೆಯುವ ಯಂತ್ರದಲ್ಲಿ ಇರುವುದು ಒಂದೇ ತತ್ತ್ವ. ಆದರೆ ನಾಲ್ಕೂ ಕಡೆ ನೆಲ ಒಂದೇ ಅಲ್ಲ. ಚನ್ನಗಿರಿಯಲ್ಲಿ ಅಡಿಕೆ ತೋಟಗಳ ಇಕ್ಕಟ್ಟಾದ ಸಾಲು ಮತ್ತು ಉಬ್ರಾಣಿ ಕಡೆಯ ಏರುತಗ್ಗು, ಹೊನ್ನಾಳಿಯಲ್ಲಿ ತುಂಗಭದ್ರೆಯ ದಂಡೆ ಹಾಗೂ ಭದ್ರಾ ನಾಲೆಯ ಕೆಸರುಗದ್ದೆ, ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯಲ್ಲಿ ಗುಡ್ಡದ ಸೆರಗು, ಜಗಳೂರಿನಲ್ಲಿ ಮಳೆ ನೆಚ್ಚಿದ ಮೆಕ್ಕೆಜೋಳ, ಶೇಂಗಾ, ಈರುಳ್ಳಿಯ ಬಯಲು. ಕಂಪನಿಯಿಂದ ಬರುವಾಗ ಒಂದೇ ರೀತಿ ಇರುವ ಕ್ಲಚ್ ಒಂದೊಂದು ನೆಲದಲ್ಲಿ ಒಂದೊಂದು ರೀತಿ ಬಾಳುತ್ತದೆ. ಅದರ ಕೆಲಸ ತಿಳಿಯದೆ ಅದರ ಆಯುಸ್ಸು ತಿಳಿಯುವುದಿಲ್ಲ. ಆದ್ದರಿಂದ ಮೊದಲು ತತ್ತ್ವ.

ಒಂದು ಬಿಲ್ಲೆ ಸಾಲದೇಕೆ

ಕಾರು, ಲಾರಿ, ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ದೊಡ್ಡ ಬಿಲ್ಲೆ. ಟ್ರ್ಯಾಕ್ಟರಿನ ಕ್ಲಚ್ ಬಿಲ್ಲೆ ಊಟದ ತಟ್ಟೆಯಷ್ಟು ಅಗಲ. ಫ್ಲೈವೀಲಿನ ಮುಂದೆ ಅದು ಕೂರಲು ಜಾಗವಿದೆ, ಸುತ್ತ ಗಾಳಿಯಾಡುತ್ತದೆ. ಬೈಕಿನಲ್ಲಿ ಆ ಜಾಗ ಎಲ್ಲಿ? ಸವಾರನ ಎರಡು ಕಾಲುಗಳ ನಡುವೆ ಎಂಜಿನ್, ಗೇರ್‌ಬಾಕ್ಸ್, ಕ್ಲಚ್ ಎಲ್ಲವೂ ಅಡಗಬೇಕು. ಅಲ್ಲಿ ಸಿಗುವುದು ಅಂಗೈ ಅಗಲದ ಬಿಲ್ಲೆಗೆ ಆಗುವಷ್ಟು ಸ್ಥಳ. ಬಿಲ್ಲೆ ಚಿಕ್ಕದಾದರೆ ತ್ರಿಜ್ಯ ಚಿಕ್ಕದು, ತ್ರಿಜ್ಯ ಚಿಕ್ಕದಾದರೆ ಹಿಡಿತ ಕಡಿಮೆ. ಬಿಗಿ ಸ್ಪ್ರಿಂಗ್ ಹಾಕಿ ಹಿಡಿತ ಹೆಚ್ಚಿಸಲು ಹೋದರೆ ಲಿವರ್ ಒತ್ತುವ ಬೆರಳು ಸೋಲುತ್ತದೆ.

ಇದಕ್ಕೆ ಕಂಡುಕೊಂಡ ದಾರಿ ಉಜ್ಜುವ ಮೈಗಳನ್ನು ಹೆಚ್ಚಿಸುವುದು. ಜಾತ್ರೆಗೆ ಬುತ್ತಿ ಕಟ್ಟುವಾಗ ಖಡಕ್ ರೊಟ್ಟಿಗಳನ್ನು ಪೇರಿಸಿ ಮೇಲೆ ಕೈಯಿಟ್ಟು ಒತ್ತಿದರೆ, ಆ ಒತ್ತು ಮೇಲಿನ ರೊಟ್ಟಿಗೆ ಮುಟ್ಟಿದಷ್ಟೇ ಅಡಿಯ ರೊಟ್ಟಿಗೂ ಮುಟ್ಟುತ್ತದೆ. ಹತ್ತು ರೊಟ್ಟಿಗೆ ಹತ್ತು ಕೈ ಬೇಡ. ಕ್ಲಚ್ಚಿನಲ್ಲಿ ನಡೆಯುವುದೂ ಇದೇ. ಒಂದೇ ಜೊತೆ ಸ್ಪ್ರಿಂಗುಗಳ ಬಲ ಪೇರಿಕೆಯ ಎಲ್ಲ ಬಿಲ್ಲೆಗಳನ್ನೂ ಹಾದುಹೋಗುತ್ತದೆ. ಪ್ರತಿಯೊಂದು ಜೋಡಿ ಮೈಯೂ ಅದೇ ಬಲದಿಂದ ಒಂದನ್ನೊಂದು ಹಿಡಿಯುತ್ತದೆ. ಹಿಡಿತಗಳೆಲ್ಲ ಕೂಡಿ ದೊಡ್ಡದಾಗುತ್ತವೆ, ಬೆರಳಿನ ಶ್ರಮ ಮಾತ್ರ ಹೆಚ್ಚುವುದಿಲ್ಲ. ಇಡೀ ಸಾಧನದ ಜಾಣ್ಮೆ ಇರುವುದು ಇಷ್ಟರಲ್ಲೇ.

ಲೆಕ್ಕ ಹಾಕಿ ನೋಡಬಹುದು. ಕ್ಲಚ್ ಹೊರಬಲ್ಲ ತಿರುಗುಬಲವೆಂದರೆ ಸ್ಪ್ರಿಂಗುಗಳ ಒಟ್ಟು ಬಲ, ಘರ್ಷಣೆಯ ಗುಣಾಂಕ, ಬಿಲ್ಲೆಯ ಸರಾಸರಿ ತ್ರಿಜ್ಯ, ಉಜ್ಜುವ ಜೋಡಿ ಮೈಗಳ ಸಂಖ್ಯೆ, ಈ ನಾಲ್ಕರ ಗುಣಲಬ್ಧ. ಸ್ಪ್ರಿಂಗುಗಳ ಬಲ 1,000 ನ್ಯೂಟನ್, ಎಂದರೆ ಸುಮಾರು 100 ಕಿಲೋ ತೂಕದಷ್ಟು ಎನ್ನೋಣ. ಎಣ್ಣೆಯಲ್ಲಿ ಘರ್ಷಣೆಯ ಗುಣಾಂಕ 0.1, ಸರಾಸರಿ ತ್ರಿಜ್ಯ ನಾಲ್ಕೂವರೆ ಸೆಂಟಿಮೀಟರ್ ಇರಲಿ. ಒಂದೇ ಉಜ್ಜುಬಿಲ್ಲೆ ಇದ್ದರೆ ಅದರ ಎರಡು ಮೈಗಳಿಂದ ಬರುವುದು 9 ನ್ಯೂಟನ್ ಮೀಟರ್. ನಾಲ್ಕು ಉಜ್ಜುಬಿಲ್ಲೆಗಳಿದ್ದರೆ ಎಂಟು ಮೈ, 36 ನ್ಯೂಟನ್ ಮೀಟರ್. 100 ಸಿಸಿ ಬೈಕಿನ ಎಂಜಿನ್ ಕೊಡುವ ತಿರುಗುಬಲ ಸುಮಾರು 8 ನ್ಯೂಟನ್ ಮೀಟರ್. ಆದರೆ ಬಹುತೇಕ ಬೈಕುಗಳಲ್ಲಿ ಕ್ಲಚ್ ಇರುವುದು ಮೊದಲ ಜೋಡಿ ಹಲ್ಲುಚಕ್ರಗಳ ಆಚೆಗೆ. ಅಲ್ಲಿಗೆ ಬರುವಷ್ಟರಲ್ಲಿ ವೇಗ ತಗ್ಗಿ ಬಲ ಮೂರೂವರೆ ಪಟ್ಟು ಏರಿ 28 ನ್ಯೂಟನ್ ಮೀಟರ್ ಆಸುಪಾಸಿಗೆ ಮುಟ್ಟಿರುತ್ತದೆ. ಒಂಟಿ ಬಿಲ್ಲೆ ಅಲ್ಲಿ ಜಾರಿಯೇ ಹೋಗುತ್ತದೆ. ನಾಲ್ಕು ಬಿಲ್ಲೆಯ ಪೇರಿಕೆ ಹಿಡಿದು ನಿಲ್ಲುತ್ತದೆ, ಮೇಲೆ ಸ್ವಲ್ಪ ಉಳಿತಾಯವೂ ಇರುತ್ತದೆ. ಆ ಉಳಿತಾಯ ತೆಳುವಾದುದು ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಹೇಳುವ ತೊಂದರೆಗಳೆಲ್ಲ ಅದನ್ನು ಕರಗಿಸುವಂಥವು.

ಕವರ್ ಬಿಚ್ಚಿದರೆ

ಹೊನ್ನಾಳಿ ಬಸ್ ನಿಲ್ದಾಣದ ಹತ್ತಿರವಾಗಲಿ, ಜಗಳೂರಿನ ಪೇಟೆಯಲ್ಲಾಗಲಿ, ಬೈಕ್ ಗ್ಯಾರೇಜಿನ ಮುಂದೆ ಅರ್ಧ ಗಂಟೆ ನಿಂತರೆ ಕ್ಲಚ್ ಬಿಚ್ಚುವುದನ್ನು ಕಾಣಬಹುದು. ಮೊದಲು ಎಣ್ಣೆ ಬಸಿಯುತ್ತಾರೆ. ಬಲಬದಿಯ ಕವರಿನ ಬೋಲ್ಟುಗಳನ್ನು ಸಡಿಲಿಸಿ, ಅಂಟಿಕೊಂಡ ಗ್ಯಾಸ್ಕೆಟ್ ಹರಿಯದಂತೆ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ ಕವರ್ ತೆಗೆಯುತ್ತಾರೆ. ಒಳಗೆ ಕಾಣುವುದು ಅಲ್ಯೂಮಿನಿಯಮ್ಮಿನ ಒಂದು ದುಂಡು ಬುಟ್ಟಿ. ಅದರ ಗೋಡೆ ಇಡಿಯಾಗಿಲ್ಲ, ಬೆರಳುಗಳ ಹಾಗೆ ಸೀಳುಸೀಳಾಗಿದೆ. ಎಂಜಿನ್ ತಿರುಗುವಾಗ ಈ ಬುಟ್ಟಿ ಸದಾ ತಿರುಗುತ್ತಿರುತ್ತದೆ. ಬುಟ್ಟಿಯ ನಡುವೆ ಹಲ್ಲುಹಲ್ಲಾದ ಒಂದು ಗುಂಬವಿದೆ, ಗ್ಯಾರೇಜಿನ ಮಾತಿನಲ್ಲಿ ಸೆಂಟರ್. ಅದು ಗೇರ್‌ಬಾಕ್ಸಿನ ಶಾಫ್ಟಿಗೆ ಕಚ್ಚಿಕೊಂಡಿರುತ್ತದೆ.

ಸ್ಪ್ರಿಂಗಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಸಡಿಲಿಸಿ, ಪ್ರೆಷರ್ ಪ್ಲೇಟ್ ಎತ್ತಿಟ್ಟು, ಬಿಲ್ಲೆಗಳನ್ನು ಒಂದೊಂದಾಗಿ ತೆಗೆದು ಹಳೆಯ ದಿನಪತ್ರಿಕೆಯ ಮೇಲೆ ಬಂದ ಕ್ರಮದಲ್ಲೇ ಸಾಲಾಗಿ ಇಡುತ್ತಾರೆ. ಒಂದು ಕಂದುಬಣ್ಣದ್ದು, ಒಂದು ಉಕ್ಕಿನದು, ಮತ್ತೆ ಕಂದು, ಮತ್ತೆ ಉಕ್ಕು. ಕಂದು ಬಿಲ್ಲೆಯ ಎರಡೂ ಮೈಗೆ ಕಾರ್ಕ್ ಅಥವಾ ಕಾಗದದ ನಾರಿನಂಥ ವಸ್ತುವಿನ ಚಿಕ್ಕ ತುಂಡುಗಳನ್ನು ಅಂಟಿಸಿರುತ್ತಾರೆ, ತುಂಡುಗಳ ನಡುವೆ ಎಣ್ಣೆ ಹರಿಯಲು ಗೀರುಗಳಿರುತ್ತವೆ. ಈ ಬಿಲ್ಲೆಯ ಹೊರ ಅಂಚಿನ ಕಿವಿಗಳು ಬುಟ್ಟಿಯ ಸೀಳುಗಳಲ್ಲಿ ಕೂರುತ್ತವೆ. ಉಕ್ಕಿನ ಬಿಲ್ಲೆಯ ಕಿವಿಗಳು ಒಳ ಅಂಚಿನಲ್ಲಿದ್ದು ಸೆಂಟರಿನ ಹಲ್ಲುಗಳನ್ನು ಹಿಡಿಯುತ್ತವೆ. ಹೀಗೆ ಕಂದು ಬಿಲ್ಲೆಗಳೆಲ್ಲ ಎಂಜಿನ್ ಕಡೆಯವು, ಉಕ್ಕಿನವೆಲ್ಲ ಚಕ್ರದ ಕಡೆಯವು. ಎರಡು ಮನೆಯವರು ಒಂದೇ ಪಂಕ್ತಿಯಲ್ಲಿ ಒಬ್ಬರ ಪಕ್ಕ ಒಬ್ಬರು ಕೂತಂತೆ.

ಲಿವರ್ ಹಿಡಿದಾಗ ಕ್ಲಚ್ ವೈರ್ ಎಳೆದು, ಒಂದು ಪುಟ್ಟ ಸನ್ನೆ ತಿರುಗಿ, ಪುಶ್ ರಾಡ್ ಮುಂದೆ ಸರಿದು ಪ್ರೆಷರ್ ಪ್ಲೇಟನ್ನು ಸ್ಪ್ರಿಂಗಿನ ವಿರುದ್ಧ ಎತ್ತುತ್ತದೆ. ಏಳುವುದು ಒಂದೆರಡು ಮಿಲಿಮೀಟರ್ ಅಷ್ಟೇ. ಅದನ್ನೇ ಎಂಟು ಸಂದುಗಳು ಹಂಚಿಕೊಳ್ಳಬೇಕು. ಒಂದೊಂದು ಸಂದಿಗೆ ದಕ್ಕುವುದು ಕಾಗದದ ಒಂದೆರಡು ಹಾಳೆಯಷ್ಟು ಅಂತರ. ಒಂದು ಉಕ್ಕಿನ ಬಿಲ್ಲೆ ಶಾಖಕ್ಕೆ ಸ್ವಲ್ಪ ಸೊಟ್ಟಗಾದರೂ ಕ್ಲಚ್ ಪೂರ್ತಿ ಬಿಡುವುದಿಲ್ಲ ಏಕೆಂಬುದು ಇದರಿಂದ ತಿಳಿಯುತ್ತದೆ. ಸಪಾಟಾದ ಗಾಜಿನ ಮೇಲೆ ಬಿಲ್ಲೆಯಿಟ್ಟು ಅಡಿಯಲ್ಲಿ ಫೀಲರ್ ಗೇಜ್ ತೂರಿಸಿ ನೋಡುವುದು ಸರಿಯಾದ ಪರೀಕ್ಷೆ. 0.2 ಮಿಲಿಮೀಟರಿನ ಎಲೆ ತೂರಿದರೆ ಆ ಬಿಲ್ಲೆಯನ್ನು ಮತ್ತೆ ಹಾಕಬಾರದು.

ಬುಟ್ಟಿಯ ಹಿಂಬದಿಯಲ್ಲಿ ಹಲ್ಲುಚಕ್ರಕ್ಕೂ ಬುಟ್ಟಿಗೂ ನಡುವೆ ರಬ್ಬರ್ ತುಂಡುಗಳೋ ಚಿಕ್ಕ ಸ್ಪ್ರಿಂಗುಗಳೋ ಇರುತ್ತವೆ. ಒಂಟಿ ಸಿಲಿಂಡರಿನ ಎಂಜಿನ್ ಬಡಿದು ಬಡಿದು ಬಲ ಕೊಡುತ್ತದೆ, ಆ ಏಟನ್ನು ಇವು ನುಂಗಿಕೊಳ್ಳುತ್ತವೆ. ಹಳೆಯ ಗಾಡಿ ನ್ಯೂಟ್ರಲ್‌ನಲ್ಲಿ ನಿಂತಾಗ ಬಲಬದಿಯಿಂದ ಕಟಕಟ ಸದ್ದು ಬಂದು, ಕ್ಲಚ್ ಹಿಡಿದ ಕೂಡಲೇ ನಿಂತರೆ ಮೊದಲ ಅನುಮಾನ ಈ ಭಾಗದ ಮೇಲೆ.

ಎಣ್ಣೆಯಲ್ಲಿ ಮುಳುಗಿಸುವುದೇಕೆ

ಹಿಡಿಯಬೇಕಾದ ಬಿಲ್ಲೆಗೆ ಎಣ್ಣೆ ಹಚ್ಚುವುದು ತಲೆಕೆಳಗಿನ ಕೆಲಸದಂತೆ ಕಾಣುತ್ತದೆ. ಒಣಗಿದ ಮೈಗಳ ನಡುವೆ 0.3ರಷ್ಟಿರುವ ಘರ್ಷಣೆಯ ಗುಣಾಂಕ ಎಣ್ಣೆಯಲ್ಲಿ 0.1ರ ಹತ್ತಿರಕ್ಕೆ ಇಳಿಯುತ್ತದೆ. ಆದರೂ ಎಣ್ಣೆ ಬೇಕು, ಕಾರಣ ಶಾಖ. ಪೇರಿಕೆಯ ನಡುವಿನ ಬಿಲ್ಲೆಗೆ ಗಾಳಿ ತಾಗುವುದಿಲ್ಲ, ಅದರ ಬಿಸಿ ಹೊರಬರಲು ಎಣ್ಣೆಯೊಂದೇ ದಾರಿ. ಎಣ್ಣೆ ಸವೆತದ ಪುಡಿಯನ್ನೂ ತೊಳೆದು ಒಯ್ಯುತ್ತದೆ, ಕೂಡುವಿಕೆಯನ್ನು ಮೆತ್ತಗಾಗಿಸುತ್ತದೆ. ಮೂರರಲ್ಲಿ ಎರಡು ಪಾಲು ಹಿಡಿತವನ್ನು ಎಣ್ಣೆಗೆ ಒಪ್ಪಿಸಿ, ಅದನ್ನು ಬಿಲ್ಲೆಗಳ ಸಂಖ್ಯೆಯಿಂದ ಮರಳಿ ಪಡೆಯುವುದು ವಿನ್ಯಾಸಕಾರರು ಮಾಡಿಕೊಂಡ ಒಪ್ಪಂದ.

ಎಣ್ಣೆ ಎಲ್ಲಿಂದ ಬರುತ್ತದೆಂಬುದು ಗಾಡಿಯಿಂದ ಗಾಡಿಗೆ ಬೇರೆ. ಇಂದಿನ ಫೋರ್ ಸ್ಟ್ರೋಕ್ ಬೈಕುಗಳಲ್ಲಿ ಎಂಜಿನ್, ಗೇರ್, ಕ್ಲಚ್ ಮೂರಕ್ಕೂ ಒಂದೇ ಎಣ್ಣೆ. ಪೆಟ್ರೋಲಿಗೆ ಆಯಿಲ್ ಬೆರೆಸುತ್ತಿದ್ದ ಟೂ ಸ್ಟ್ರೋಕ್ ಗಾಡಿಗಳಲ್ಲಿ ಕ್ಲಚ್ ಗೇರ್ ಆಯಿಲಿನಲ್ಲಿ ಮುಳುಗಿರುತ್ತಿತ್ತು. ಎರಕದ ಕಬ್ಬಿಣದ ಎಂಜಿನ್ನಿನ ಹಳೆಯ ಬುಲೆಟ್ಟಿನಲ್ಲಿ ಪ್ರೈಮರಿ ಚೈನಿನ ಪೆಟ್ಟಿಗೆಗೆ ಬೇರೆಯೇ ಎಣ್ಣೆ.

ಇಲ್ಲಿ ರೈತರ ಜೇಬಿಗೆ ನೇರವಾಗಿ ತಾಗುವ ಮಾತೊಂದಿದೆ. ಕಾರಿನ ಎಂಜಿನ್ ಆಯಿಲಿಗೆ ಘರ್ಷಣೆ ತಗ್ಗಿಸುವ ವಸ್ತುಗಳನ್ನು ಬೆರೆಸಿರಬಹುದು. ಕಾರಿಗೆ ಅದು ಒಳ್ಳೆಯದೇ, ಅದರ ಕ್ಲಚ್ ಎಂಜಿನ್ ಎಣ್ಣೆಯಲ್ಲಿ ಇರುವುದಿಲ್ಲ. ಅದೇ ಎಣ್ಣೆಯನ್ನು ಬೈಕಿಗೆ ಸುರಿದರೆ ಬಿಲ್ಲೆಗಳು ಜಾರಲು ತೊಡಗಬಹುದು. ಜಪಾನಿನ ವಾಹನ ಮಾನಕ ಸಂಸ್ಥೆ ಜಾಸೋ ಬೈಕಿನ ಎಣ್ಣೆಗಳಿಗೆ ಗುರುತು ಕೊಟ್ಟಿದ್ದು ಇದಕ್ಕಾಗಿ. ಡಬ್ಬಿಯ ಮೇಲೆ ಎಂಎ ಅಥವಾ ಎಂಎ2 ಎಂದಿದ್ದರೆ ಎಣ್ಣೆಯಲ್ಲಿ ಮುಳುಗುವ ಕ್ಲಚ್ಚಿಗೆ ಸಲ್ಲುತ್ತದೆ. ಎಂಬಿ ಎಂದಿದ್ದರೆ ಅದು ಹೆಚ್ಚು ಜಾರುವ ಎಣ್ಣೆ, ಗೇರಿಲ್ಲದ ಸ್ಕೂಟರುಗಳಿಗೆ. ಟ್ರ್ಯಾಕ್ಟರಿಗೆ ತಂದ ಡಬ್ಬಿಯಲ್ಲಿ ಮಿಕ್ಕಿದ ಎಣ್ಣೆಯನ್ನು ಬೈಕಿಗೆ ಹಾಕುವ ರೂಢಿ ಹಳ್ಳಿಗಳಲ್ಲಿದೆ. ಮಿಕ್ಕಿದ್ದು ಹಾಳಾಗಬಾರದೆಂಬ ಕಾಳಜಿಯಿಂದಲೇ ಹಾಗೆ ಮಾಡುತ್ತಾರೆ, ಆದರೆ ಬಿಲ್ಲೆಗಳ ಸೆಟ್ಟು ಎಣ್ಣೆಯ ಡಬ್ಬಿಗಿಂತ ದುಬಾರಿ.

ಹಿನ್ನೆಲೆ

ಬಿಲ್ಲೆಗಳನ್ನು ಪೇರಿಸಿ ಹಿಡಿತ ಹೆಚ್ಚಿಸುವ ಉಪಾಯ ಮೋಟಾರು ವಾಹನಕ್ಕಿಂತ ಹಳೆಯದು. 19ನೇ ಶತಮಾನದಲ್ಲೇ ಭಾರ ಎತ್ತುವ ಯಂತ್ರಗಳಲ್ಲಿ ವೆಸ್ಟನ್ ಹೆಸರಿನ ಬಹುಬಿಲ್ಲೆ ಹಿಡಿತ ಬಳಕೆಗೆ ಬಂದಿತ್ತು. ಮೋಟಾರು ಗಾಡಿಗಳಿಗೆ ಇದನ್ನು ಒಗ್ಗಿಸಿದವರಲ್ಲಿ ಮುಖ್ಯರು ಇಂಗ್ಲೆಂಡಿನ ಎಂಜಿನಿಯರ್ ಹೆನ್ರಿ ಸೆಲ್ಬಿ ಹೀಲ್-ಶಾ (1854–1941). 20ನೇ ಶತಮಾನದ ಮೊದಲ ದಶಕದಲ್ಲಿ ಅವರು ರೂಪಿಸಿದ ಕ್ಲಚ್ಚಿನ ಲೋಹದ ಬಿಲ್ಲೆಗಳಲ್ಲಿ ಉದ್ದಿನವಡೆಯ ಸುತ್ತಿನಂತೆ ದುಂಡಗೆ ಸಾಗುವ, ಕೋನಾಕಾರದ ಮಡಿಕೆಯಿತ್ತು. ಒಂದರ ಮಡಿಕೆ ಇನ್ನೊಂದರಲ್ಲಿ ಬೆಣೆಯಂತೆ ಕೂತು ಎಣ್ಣೆಯಲ್ಲೂ ಗಟ್ಟಿಯಾಗಿ ಹಿಡಿಯುತ್ತಿತ್ತು.

ಕರ್ನಾಟಕದಲ್ಲಿ ಈ ಸಾಧನದ ಕಥೆ ಹೇಳುವಾಗ ಮೈಸೂರಿನ ಯಾದವಗಿರಿಯನ್ನು ಬಿಡುವಂತಿಲ್ಲ. 1961ರಲ್ಲಿ ಅಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯಿತು. ಜೆಕೊಸ್ಲೊವಾಕಿಯದ ಜಾವಾ ಬೈಕುಗಳನ್ನು, 1970ರ ದಶಕದಿಂದ ಯೆಜ್ಡಿ ಹೆಸರಿನ ಬೈಕುಗಳನ್ನು ತಯಾರಿಸಿದ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆ ಗಾಡಿಗಳ ಬಹುಬಿಲ್ಲೆ ಕ್ಲಚ್ಚಿನಲ್ಲಿ ಸೊಗಸಾದ ಏರ್ಪಾಟೊಂದಿತ್ತು. ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ. ಕಾಲಿನಿಂದ ಗೇರ್ ಒತ್ತಿದಾಗ ಅದೇ ಚಲನೆ ಪುಶ್ ರಾಡನ್ನೂ ತಳ್ಳಿ ಬಿಲ್ಲೆಗಳನ್ನು ಸಡಿಲಿಸುತ್ತಿತ್ತು. ಹಾಗಾಗಿ ಓಡುತ್ತಿರುವಾಗ ಕೈಯ ಲಿವರ್ ಮುಟ್ಟದೆಯೇ ಗೇರ್ ಬದಲಿಸಬಹುದಿತ್ತು. ನಮ್ಮ ರಾಜ್ಯದಲ್ಲೇ ತಯಾರಾಗುತ್ತಿದ್ದ ಗಾಡಿಯಲ್ಲಿ ಇಷ್ಟು ಅಚ್ಚುಕಟ್ಟಾದ ಕ್ಲಚ್ ಇತ್ತೆಂಬುದು ಅಭಿಮಾನ ಪಡುವ ಸಂಗತಿ. 1980ರ ದಶಕದ ನಡುವಿನಿಂದ ಜಪಾನಿ ಸಹಯೋಗದ 100 ಸಿಸಿ ಬೈಕುಗಳು ಬಂದು ಹಳ್ಳಿಗಳನ್ನು ತುಂಬಿದವು. ಹೆಸರು ಬದಲಾಯಿತು, ಕವರಿನೊಳಗಿನ ಪೇರಿಕೆ ಬದಲಾಗಲಿಲ್ಲ.

ಗದ್ದೆಯ ಟಿಲ್ಲರ್

ಬಹುಬಿಲ್ಲೆ ಕ್ಲಚ್ ಎಂದರೆ ಎಣ್ಣೆಯ ಕ್ಲಚ್ ಎಂದು ನಂಬಿದವರಿಗೆ ಹೊನ್ನಾಳಿಯ ಗದ್ದೆಯಲ್ಲಿ ಬೇರೆ ಪಾಠವಿದೆ. ಪವರ್ ಟಿಲ್ಲರಿನ ಮುಖ್ಯ ಕ್ಲಚ್ ಬಹುಬಿಲ್ಲೆಯದೇ, ಆದರೆ ಒಣ ಕ್ಲಚ್. ಟಿಲ್ಲರ್ ತಯಾರಿಸುವ ಬೆಂಗಳೂರಿನ ವಿಎಸ್‌ಟಿ ಕಂಪನಿ 1967ರಲ್ಲಿ ಜಪಾನಿನ ಮಿತ್ಸುಬಿಷಿ ಜೊತೆಗೂಡಿ ಆರಂಭವಾದದ್ದು. ಜಪಾನಿನ ಸಣ್ಣ ಹಿಡುವಳಿಯ ಭತ್ತದ ಗದ್ದೆಗೆಂದು ಹುಟ್ಟಿದ ಯಂತ್ರ ಹೀಗೆ ನಮ್ಮ ನಾಲೆಬಯಲಿಗೂ ಒಗ್ಗಿತು. ಸಾಮಾನ್ಯ ಟಿಲ್ಲರಿನಲ್ಲಿ 13 ಅಶ್ವಶಕ್ತಿಯ ಒಂಟಿ ಸಿಲಿಂಡರಿನ ಡೀಸೆಲ್ ಎಂಜಿನ್. ಅದರ ಬಲ ವಿ-ಬೆಲ್ಟುಗಳ ಮೂಲಕ ಹಿಂದಿನ ರಾಟೆಗೆ, ರಾಟೆಯೊಳಗಿನ ಬಿಲ್ಲೆಗಳ ಮೂಲಕ ಗೇರ್‌ಬಾಕ್ಸಿಗೆ ಸಾಗುತ್ತದೆ.

ಒಣ ಕ್ಲಚ್ಚಿಗೆ ಹಿಡಿತ ಜಾಸ್ತಿ, ಆದ್ದರಿಂದ ಕಡಿಮೆ ಬಿಲ್ಲೆ ಸಾಕು. ಆದರೆ ಅದಕ್ಕೆ ಇಬ್ಬರು ಶತ್ರುಗಳು, ಎಣ್ಣೆ ಮತ್ತು ನೀರು. ಗೇರ್‌ಬಾಕ್ಸಿನ ಆಯಿಲ್ ಸೀಲ್ ಸವೆದು ಎಣ್ಣೆ ಜಿನುಗಿ ಬಿಲ್ಲೆಗೆ ತಾಗಿದರೆ, ಎಣ್ಣೆಗಾಗಿ ಮಾಡದ ಆ ಬಿಲ್ಲೆ ಜಾರಿ ಸುಟ್ಟ ವಾಸನೆ ಬರುತ್ತದೆ. ಮೊಣಕಾಲುದ್ದ ಕೆಸರಿನಲ್ಲಿ ರೊಳ್ಳೆ ಹೊಡೆಯುವಾಗ ಒಳಗೆ ನೀರು ಹೊಕ್ಕರೆ ಉಕ್ಕಿನ ಬಿಲ್ಲೆಗೆ ತುಕ್ಕು ಹಿಡಿಯುತ್ತದೆ. ನಾಟಿ ಮುಗಿದು ಟಿಲ್ಲರನ್ನು ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ನಿಲ್ಲಿಸಿದಾಗ ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಂಡು, ಮುಂದಿನ ಹಂಗಾಮಿನಲ್ಲಿ ಲಿವರ್ ಎಳೆದರೂ ಯಂತ್ರ ಮುಂದಕ್ಕೆ ನುಗ್ಗುತ್ತದೆ. ಕೆಲಸ ಮುಗಿದ ದಿನ ತೊಳೆದು, ಪೂರ್ತಿ ಒಣಗಿಸಿ, ಕೊಟ್ಟಿಗೆಯಲ್ಲಿದ್ದಾಗಲೂ ಆಗಾಗ ಕ್ಲಚ್ ಲಿವರ್ ಆಡಿಸುತ್ತಿದ್ದರೆ ಈ ತೊಂದರೆ ಬಾರದು. ಒಣ ಬಿಲ್ಲೆ ಬಿಚ್ಚುವಾಗ ಪುಡಿಯನ್ನು ಬಾಯಿಂದ ಊದಬಾರದು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು, ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಟಿಲ್ಲರ್ ಬಗ್ಗೆ ಹೇಳುತ್ತಿರುವಾಗ ಇನ್ನೊಂದು ಮಾತು, ವಿಷಯದಿಂದ ತುಸು ಸರಿದರೂ ಸರಿಯೇ, ಏಕೆಂದರೆ ಇದು ಜೀವದ ಪ್ರಶ್ನೆ. ಹ್ಯಾಂಡಲಿನ ಕೆಳಗೆ ಎಡಕ್ಕೂ ಬಲಕ್ಕೂ ಒಂದೊಂದು ಲಿವರ್ ಇದೆ. ಅವು ಬಿಲ್ಲೆಯ ಕ್ಲಚ್ಚುಗಳಲ್ಲ, ಆಯಾ ಬದಿಯ ಚಕ್ರವನ್ನು ಬಿಡಿಸುವ ಹಲ್ಲಿನ ಕ್ಲಚ್ಚುಗಳು. ಸಮನೆಲದಲ್ಲಿ ಬಲ ಲಿವರ್ ಹಿಡಿದರೆ ಬಲಚಕ್ರಕ್ಕೆ ಬಲ ತಪ್ಪಿ ಟಿಲ್ಲರ್ ಬಲಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಇದು ಉಲ್ಟಾ. ಬಿಡಿಸಿಕೊಂಡ ಬಲಚಕ್ರ ತನ್ನಷ್ಟಕ್ಕೆ ಉರುಳಿ ವೇಗವಾಗುತ್ತದೆ, ಎಡಚಕ್ರವನ್ನು ಎಂಜಿನ್ ತಡೆದಿರುತ್ತದೆ, ಟಿಲ್ಲರ್ ಎಡಕ್ಕೆ ತಿರುಗುತ್ತದೆ. ಚನ್ನಗಿರಿ, ನ್ಯಾಮತಿಯ ಏರುತಗ್ಗಿನ ತೋಟಗಳಲ್ಲಿ ಟ್ರೇಲರ್ ಕಟ್ಟಿ ಗೊಬ್ಬರವನ್ನೋ ಅಡಿಕೆಯನ್ನೋ ಇಳಿಸುವ ಹೊಸಬರಿಗೆ ಇದನ್ನು ಮೊದಲ ದಿನವೇ ಹೇಳಿಕೊಡಬೇಕು. ಇಳಿಜಾರಿನಲ್ಲಿ ಆ ಲಿವರುಗಳನ್ನು ಮುಟ್ಟದೆ, ಕಡಿಮೆ ಗೇರಿನಲ್ಲಿ, ಹ್ಯಾಂಡಲನ್ನೇ ತಳ್ಳಿ ತಿರುಗಿಸುವುದು ಕ್ಷೇಮ.

ಹಾಫ್ ಕ್ಲಚ್ಚಿನ ಬೆಲೆ

ಜಾರುವ ಬಿಲ್ಲೆಯಲ್ಲಿ ಎಂಜಿನ್ನಿನ ಶಕ್ತಿ ಶಾಖವಾಗುತ್ತದೆ. ಎಷ್ಟು? ಗಾಡಿ ಏರಿನಲ್ಲಿ ನಿಂತಿದೆ, ಬ್ರೇಕ್ ಹಿಡಿಯುವ ಬದಲು ಸವಾರ ಹಾಫ್ ಕ್ಲಚ್ಚಿನಲ್ಲೇ ಅದನ್ನು ತಡೆದು ನಿಲ್ಲಿಸಿದ್ದಾನೆ ಎನ್ನೋಣ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತ 4 ನ್ಯೂಟನ್ ಮೀಟರ್ ಬಲ ಕೊಡುತ್ತಿದ್ದರೆ, ಬಿಲ್ಲೆಗಳಲ್ಲಿ ಉರಿಯುವ ಶಕ್ತಿ ಸುಮಾರು 1,250 ವ್ಯಾಟ್. ಬಕೆಟ್ಟಿನಲ್ಲಿ ನೀರು ಕಾಯಿಸುವ ಕರೆಂಟ್ ಕಾಯಿಲಿನಷ್ಟು! ಅಂಗೈ ಅಗಲದ ಬಿಲ್ಲೆಗಳ ನಡುವೆ ಅಂಥದೊಂದು ಕಾಯಿಲ್ ಇಟ್ಟಂತೆ. ಎಣ್ಣೆ ಸ್ವಲ್ಪ ಹೊತ್ತು ಸಹಿಸೀತು. ಆಮೇಲೆ ಕಂದು ತುಂಡುಗಳು ಕಪ್ಪಾಗಿ ಗಾಜಿನಂತೆ ನುಣುಪಾಗುತ್ತವೆ, ಉಕ್ಕಿನ ಬಿಲ್ಲೆಯ ಮೇಲೆ ನೀಲಿ ಛಾಯೆ ಮೂಡುತ್ತದೆ. ಗ್ಯಾರೇಜಿನವರು ಆ ನೀಲಿ ಕಂಡರೆ ಗಾಡಿ ಓಡಿಸಿದ ರೀತಿಯನ್ನೇ ಹೇಳಿಬಿಡುತ್ತಾರೆ.

ಹೊರಡುವಾಗ ಯಾವ ಗೇರಿನಲ್ಲಿ ಹೊರಡುತ್ತೇವೆ ಎಂಬುದೂ ಮುಖ್ಯ. 110 ಕಿಲೋ ಬೈಕು, 65 ಕಿಲೋ ಸವಾರ, ಹಿಂದೆ 45 ಕಿಲೋದ ಎರಡು ಯೂರಿಯಾ ಚೀಲ, ಒಟ್ಟು 265 ಕಿಲೋ. ಸೊಸೈಟಿಯಿಂದ ಹೊಲಕ್ಕೆ ಹೀಗೆ ಹೋಗುವ ಬೈಕುಗಳು ಮುಂಗಾರಿನಲ್ಲಿ ಜಗಳೂರಿನ ಯಾವ ರಸ್ತೆಯಲ್ಲೂ ಕಾಣುತ್ತವೆ. ಎಂಜಿನ್ ಒಂದೇ ವೇಗದಲ್ಲಿದ್ದರೆ ಮೊದಲ ಗೇರಿನಲ್ಲಿ ಗಂಟೆಗೆ 10 ಕಿಲೋಮೀಟರ್ ವೇಗ ಬಂದಾಗ ಬಿಲ್ಲೆಗಳು ಜಾರುವುದನ್ನು ನಿಲ್ಲಿಸುತ್ತವೆ. ಅಷ್ಟರಲ್ಲಿ ಹುಟ್ಟುವ ಶಾಖ ಗಾಡಿಗೆ ಬಂದ ಚಲನಶಕ್ತಿಯಷ್ಟೇ, ಸುಮಾರು 1,000 ಜೂಲ್. ಎರಡನೇ ಗೇರಿನಲ್ಲಿ ಹೊರಟರೆ 20 ಕಿಲೋಮೀಟರ್ ವೇಗದವರೆಗೆ ಜಾರಬೇಕು. ವೇಗ ಎರಡು ಪಟ್ಟು, ಶಾಖ ನಾಲ್ಕು ಪಟ್ಟು, 4,000 ಜೂಲ್. ಅಡ್ಡಗಟ್ಟಿದ ಕುರಿಹಿಂಡು ದಾಟಲೆಂದು ನಿಂತ ಗಾಡಿಯನ್ನು ಗೇರ್ ಇಳಿಸದ ಸೋಮಾರಿತನಕ್ಕೆ ಎರಡರಲ್ಲೇ ಎಬ್ಬಿಸುವವರು ಪ್ರತಿ ಸಲ ತೆರುವ ಬೆಲೆ ಇದು.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಹುಟ್ಟೂರು. ಫೆಬ್ರವರಿಯ ಜಯಂತಿಗೆ ಅಲ್ಲಿ ಬಂಜಾರ ಭಕ್ತರು ಅಪಾರ ಸಂಖ್ಯೆಯಲ್ಲಿ ನೆರೆಯುತ್ತಾರೆ. ಇಂಥ ಜನಸಂದಣಿಯಲ್ಲಿ ನಡಿಗೆಯ ವೇಗಕ್ಕೆ ಗಾಡಿ ಓಡಿಸುವಾಗ, ಬೆಳಗುತ್ತಿ ಬಳಿಯ ತೀರ್ಥರಾಮೇಶ್ವರದ ಏರು ಹತ್ತುವಾಗ ಹಾಫ್ ಕ್ಲಚ್ ಪೂರ್ತಿ ತಪ್ಪಿಸಲಾಗದು. ಸಾಧ್ಯವಿದ್ದಲ್ಲಿ ಗಾಡಿಯನ್ನು ಬ್ರೇಕಿನಲ್ಲಿ ನಿಲ್ಲಿಸಿ, ಮುಂದೆ ಜಾಗವಾದಾಗ ಪೂರ್ತಿ ಕ್ಲಚ್ ಬಿಟ್ಟು ಸಾಗಿ, ಮತ್ತೆ ನಿಲ್ಲಿಸುವುದು ಒಳ್ಳೆಯದು. ಬೆರಳುಗಳನ್ನು ಸದಾ ಲಿವರಿನ ಮೇಲೆ ಒತ್ತಿ ಇಟ್ಟುಕೊಳ್ಳುವ ಅಭ್ಯಾಸ ಎಲ್ಲಕ್ಕಿಂತ ಕೆಟ್ಟದ್ದು. ಸವಾರನಿಗೆ ಗೊತ್ತೇ ಆಗದೆ ಬಿಲ್ಲೆ ಇಡೀ ದಾರಿ ಜಾರುತ್ತಿರುತ್ತದೆ.

ಟ್ರ್ಯಾಕ್ಟರ್, ಜೆಸಿಬಿ, ಸ್ಕೂಟರ್

ಮಾತಿನಲ್ಲಿ ಡಬಲ್ ಕ್ಲಚ್ ಎನ್ನುವ ಟ್ರ್ಯಾಕ್ಟರಿನದು ಮಲ್ಟಿಪ್ಲೇಟ್ ಕ್ಲಚ್ ಅಲ್ಲ. ಅಲ್ಲಿ ಬಿಲ್ಲೆ ಎರಡು, ಕೆಲಸವೂ ಎರಡು. ಒಂದು ಚಕ್ರಕ್ಕೆ, ಇನ್ನೊಂದು ಹಿಂದೆ ಕಟ್ಟಿದ ಉಪಕರಣ ತಿರುಗಿಸುವ ಪಿಟಿಒ ಶಾಫ್ಟಿಗೆ. ಪೆಡಲನ್ನು ಅರ್ಧ ಒತ್ತಿದರೆ ಗಾಡಿ ನಿಂತರೂ ಹಿಂದಿನ ರೋಟವೇಟರ್ ತಿರುಗುತ್ತಲೇ ಇರುತ್ತದೆ. ಬಹುಬಿಲ್ಲೆಯ ನಿಜವಾದ ಬಳಕೆ ಟ್ರ್ಯಾಕ್ಟರಿನಲ್ಲಿ ಇರುವುದು ಜನ ಆಯಿಲ್ ಬ್ರೇಕ್ ಎನ್ನುವ ಭಾಗದಲ್ಲಿ. ಎಣ್ಣೆಯಲ್ಲಿ ಮುಳುಗಿದ ಬಿಲ್ಲೆಗಳ ಪೇರಿಕೆಯೇ ಅದು. ವ್ಯತ್ಯಾಸವಿಷ್ಟೇ, ಒಂದು ಗುಂಪಿನ ಬಿಲ್ಲೆಗಳು ತಿರುಗದ ಗೋಡೆಗೆ ಕಚ್ಚಿಕೊಂಡಿರುತ್ತವೆ.

ಭದ್ರಾ ಮೇಲ್ದಂಡೆ ಯೋಜನೆಯ ವ್ಯಾಪ್ತಿಗೆ ಜಗಳೂರು ತಾಲ್ಲೂಕೂ ಸೇರಿದೆ. ಕಾಲುವೆ, ಕೆರೆ, ಕೃಷಿಹೊಂಡಗಳ ಕೆಲಸದಲ್ಲಿ ಜನ ಒಟ್ಟಾರೆ ಜೆಸಿಬಿ ಎಂದು ಕರೆಯುವ ಯಂತ್ರ ನಿಮಿಷಕ್ಕೆ ಹಲವು ಬಾರಿ ಹಿಂದೆ ಮುಂದೆ ಹೋಗುತ್ತದೆ. ಅದರಲ್ಲಿ ಮುಂದಕ್ಕೊಂದು, ಹಿಂದಕ್ಕೊಂದು ಬಿಲ್ಲೆಗಳ ಪೇರಿಕೆಯಿದೆ. ಬೈಕಿನಲ್ಲಿ ಸ್ಪ್ರಿಂಗ್ ಹಿಡಿಯುತ್ತದೆ, ಕೈ ಬಿಡಿಸುತ್ತದೆ. ಇಲ್ಲಿ ಪಂಪಿನಿಂದ ಬಂದ ಎಣ್ಣೆಯ ಒತ್ತಡ ಹಿಡಿಯುತ್ತದೆ, ಸ್ಪ್ರಿಂಗ್ ಬಿಡಿಸುತ್ತದೆ. ಆಪರೇಟರ್ ಸ್ಟೀರಿಂಗ್ ಪಕ್ಕದ ಚಿಕ್ಕ ಲಿವರನ್ನು ಬೆರಳಿನಲ್ಲಿ ತಳ್ಳಿದರೆ ಸಾಕು, ಎಣ್ಣೆ ಒಂದು ಪೇರಿಕೆಯಿಂದ ಇನ್ನೊಂದಕ್ಕೆ ತಿರುಗುತ್ತದೆ. ಆಟೋಮ್ಯಾಟಿಕ್ ಕಾರುಗಳ ಗೇರ್‌ಬಾಕ್ಸಿನೊಳಗೂ ಇದೇ ಏರ್ಪಾಟು. ಗೇರಿಲ್ಲದ ಸ್ಕೂಟರಿನದು ವೇಗ ಏರಿದಾಗ ಹೊರಕ್ಕೆ ಚಾಚಿ ಹಿಡಿಯುವ ಬೇರೆ ಜಾತಿಯ ಕ್ಲಚ್. ಎಲೆಕ್ಟ್ರಿಕ್ ಸ್ಕೂಟರಿಗೆ ಕ್ಲಚ್ಚೇ ಬೇಡ, ಅದರ ಮೋಟಾರು ನಿಂತಲ್ಲಿಂದಲೇ ಪೂರ್ಣ ಬಲ ಕೊಡಬಲ್ಲದು.

ದೋಷ ಮತ್ತು ದುರಸ್ತಿ

"ಅಣ್ಣಾ, ಗಾಡಿ ಎಳೀತಿಲ್ಲ, ಬರೀ ಸೌಂಡ್ ಬರ್ತೈತೆ" ಎಂದು ಬರುವ ಗಿರಾಕಿಯ ತೊಂದರೆ ಕ್ಲಚ್ ಸ್ಲಿಪ್. ಆಕ್ಸಿಲರೇಟರ್ ತಿರುಗಿಸಿದರೆ ಎಂಜಿನ್ ಸದ್ದು ಏರುತ್ತದೆ, ವೇಗ ಏರುವುದಿಲ್ಲ, ಮೈಲೇಜ್ ಬಿದ್ದಿರುತ್ತದೆ. ಇದರ ವಿರುದ್ಧದ ತೊಂದರೆ ಬಿಲ್ಲೆಗಳು ಬಿಡದಿರುವುದು. ಲಿವರ್ ಪೂರ್ತಿ ಹಿಡಿದರೂ ಗಾಡಿ ತೆವಳುತ್ತದೆ, ನ್ಯೂಟ್ರಲ್ ಬೀಳುವುದಿಲ್ಲ, ಗೇರ್ ಗಡಕ್ ಎನ್ನುತ್ತದೆ. ಎರಡಕ್ಕೂ ಮೊದಲು ನೋಡಬೇಕಾದ್ದು ಕವರಿನ ಒಳಗಲ್ಲ, ಹ್ಯಾಂಡಲಿನ ಮೇಲೆ. ಲಿವರಿನ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಬಿಡುವು, ಗ್ಯಾರೇಜಿನ ಮಾತಿನಲ್ಲಿ ಪ್ಲೇ, ಇರಬೇಕು. ಇಲ್ಲದಿದ್ದರೆ ಬಿಲ್ಲೆ ಸದಾ ಅರೆಬಿಗಿಯಲ್ಲಿ ಜಾರುತ್ತದೆ, ಹೆಚ್ಚಿದ್ದರೆ ಪೂರ್ತಿ ಬಿಡುವುದಿಲ್ಲ. ವೈರಿನ ನಟ್ಟು ತಿರುಗಿಸಿದರೆ ಸರಿಹೋಗುವ ತೊಂದರೆಗೆ ಬಿಲ್ಲೆಯ ಸೆಟ್ಟೇ ಬದಲಾಗುವುದನ್ನು ಕಂಡಾಗ ಬೇಸರವಾಗುತ್ತದೆ.

ಸವೆತದ ಲೆಕ್ಕ ಬಹುಬಿಲ್ಲೆಯಲ್ಲಿ ಸ್ವಲ್ಪ ಕಠಿಣ. 100 ಸಿಸಿ ಬೈಕಿನ ಹೊಸ ಉಜ್ಜುಬಿಲ್ಲೆಯ ದಪ್ಪ ಸುಮಾರು 3 ಮಿಲಿಮೀಟರ್. ಒಂದೊಂದೂ 0.3 ಮಿಲಿಮೀಟರ್ ಸವೆದರೆ ಕೈಗೆ ವ್ಯತ್ಯಾಸ ತಿಳಿಯದು. ಆದರೆ ನಾಲ್ಕು ಸೇರಿ 1.2 ಮಿಲಿಮೀಟರ್ ಆಗುತ್ತದೆ. ಸ್ಪ್ರಿಂಗುಗಳು ಅಷ್ಟು ಉದ್ದಕ್ಕೆ ಚಾಚಿಕೊಂಡು ಅವುಗಳ ಒತ್ತು ತಗ್ಗುತ್ತದೆ. ಒತ್ತು ತಗ್ಗಿದರೆ ಜಾರಿಕೆ, ಜಾರಿದರೆ ಶಾಖ, ಶಾಖಕ್ಕೆ ಮತ್ತಷ್ಟು ಸವೆತ. ಆರಂಭದ ಲೆಕ್ಕದಲ್ಲಿ ಕಂಡ ತೆಳು ಉಳಿತಾಯ ಕರಗುವುದು ಹೀಗೆ. ಆದ್ದರಿಂದ ಬಿಲ್ಲೆ ಬದಲಿಸುವಾಗ ಸ್ಪ್ರಿಂಗಿನ ಉದ್ದವನ್ನೂ ಅಳೆಯಬೇಕು, ಕುಗ್ಗಿದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕು. ಒಂದೆರಡನ್ನಷ್ಟೇ ಬದಲಿಸಿದರೆ ಪ್ರೆಷರ್ ಪ್ಲೇಟ್ ಓರೆಯಾಗಿ ಕೂರುತ್ತದೆ. ಬುಟ್ಟಿಯ ಬೆರಳುಗಳಿಗೂ ಉಗುರು ಆಡಿಸಿ ನೋಡಬೇಕು. ಬಿಲ್ಲೆಯ ಕಿವಿಗಳು ಬಡಿದು ಬಡಿದು ಅಲ್ಯೂಮಿನಿಯಮ್ಮಿನಲ್ಲಿ ಕಚ್ಚುಗಳು ಬಿದ್ದಿದ್ದರೆ ಹೊಸ ಬಿಲ್ಲೆಯೂ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಕಚ್ಚು ಸಣ್ಣದಾದರೆ ಅರದಿಂದ ಸಮ ಮಾಡಬಹುದು, ಆಳವಾಗಿದ್ದರೆ ಬುಟ್ಟಿಯೇ ಹೊಸದಾಗಬೇಕು.

ಹೊಸ ಉಜ್ಜುಬಿಲ್ಲೆಗಳನ್ನು ಒಣಗಿದ್ದಂತೆಯೇ ಜೋಡಿಸಬಾರದು. ಗಾಡಿಗೆ ಹಾಕುವ ಅದೇ ಎಣ್ಣೆಯಲ್ಲಿ ಹಲವು ಗಂಟೆ, ಸಾಧ್ಯವಾದರೆ ಇಡೀ ರಾತ್ರಿ, ನೆನೆಸಿಡಬೇಕು. ಕೆಲಸ ಬಲ್ಲ ಮೆಕ್ಯಾನಿಕ್ ಸಂಜೆ ಬಂದ ಗಾಡಿಯನ್ನು ಬೆಳಿಗ್ಗೆ ಕೊಡುತ್ತೇನೆನ್ನುವುದು ಇದಕ್ಕೆ. ಅಗಲ ಬಾಯಿಯ ಹಳೆಯ ಡಬ್ಬಿಯಲ್ಲಿ ಎಣ್ಣೆ ಹೀರುತ್ತ ಕೂತ ಬಿಲ್ಲೆಗಳು ಬೆಳಗಿನ ಹೊತ್ತಿಗೆ ಕಡು ಕಂದಾಗಿರುತ್ತವೆ. ಅವನ್ನು ಬಂದ ಕ್ರಮದಲ್ಲೇ ಜೋಡಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಬಿಗಿದು, ಎಣ್ಣೆ ತುಂಬಿ, ಪ್ಲೇ ಇಟ್ಟು ಕೊಡುತ್ತಾರೆ. ಮೊದಲ ಕೆಲವು ದಿನ ಭಾರ ಹೇರದೆ ಓಡಿಸಿದರೆ ಮೈಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಆ ಹೊಂದಿಕೆಯಲ್ಲಿ ಪೇರಿಕೆ ಕೂದಲೆಳೆಯಷ್ಟು ತೆಳುವಾಗಿ ಲಿವರಿನ ಪ್ಲೇ ಕಡಿಮೆಯಾಗುತ್ತದೆ. ಅದಕ್ಕಾಗಿ ವಾರ ಬಿಟ್ಟು ಇನ್ನೊಮ್ಮೆ ಗಾಡಿ ತಂದು ವೈರ್ ಸರಿಮಾಡಿಸಿಕೊಳ್ಳಬೇಕು.